ಯಂತ್ರದೊಡನೆ ಸೆಣಸಿದ ಸಂಪಾದಕ: ಆನ್ರಿ ದೆಗ್ರಾಂಜ್

ಚನ್ನಗಿರಿಯ ಅಡಕೆ ತೋಟಗಳ ನಡುವಣ ದಾರಿಯಲ್ಲಿ, ಹೊನ್ನಾಳಿಯ ತುಂಗಭದ್ರಾ ಸೇತುವೆಯ ಮೇಲೆ, ನ್ಯಾಮತಿಯ ಏರುರಸ್ತೆಗಳಲ್ಲಿ, ಜಗಳೂರಿನ ಬಯಲಿನ ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಒಂದು ಸತ್ಯ ಕಾಲಿಗೇ ಗೊತ್ತಿರುತ್ತದೆ. ಒಂದೇ ಗೇರಿನ ಸೈಕಲ್ಲಿಗೆ ಇಳಿಜಾರು ದೊರೆತರೆ ಅದು ಸ್ವರ್ಗ, ಏರು ಎದುರಾದರೆ ಇಳಿದು ತಳ್ಳುವುದೇ ಗತಿ. 2006-07ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಹಂಚತೊಡಗಿದ ಸೈಕಲ್ಲುಗಳೂ ಇದೇ ಜಾತಿಯವು. ಇಂತಹ ಸೈಕಲ್ಲಿನಲ್ಲೇ ಆಲ್ಪ್ಸ್ ಮತ್ತು ಪಿರನೀಸ್ ಪರ್ವತಗಳನ್ನು ಹತ್ತಿ ಇಳಿಯಬೇಕೆಂದು ವೃತ್ತಿಪರ ಸವಾರರಿಗೆ ಮೂರು ದಶಕಗಳಿಗೂ ಹೆಚ್ಚು ಕಾಲ ಕಟ್ಟಪ್ಪಣೆ ಮಾಡಿದ ವ್ಯಕ್ತಿಯೊಬ್ಬನಿದ್ದ. ಆತ ಸೈಕಲ್ ತಯಾರಕನಲ್ಲ, ಸರಕಾರಿ ಅಧಿಕಾರಿಯಲ್ಲ. ಒಂದು ದಿನಪತ್ರಿಕೆಯ ಸಂಪಾದಕ. ಟೂರ್ ಡಿ ಫ್ರಾನ್ಸ್ ಎಂಬ ಜಗದ್ವಿಖ್ಯಾತ ಹಂತವಾರು ಸೈಕಲ್ ಸ್ಪರ್ಧೆಯ ಜನಕನೆಂದು ಹೆಸರಾದ ಆನ್ರಿ ದೆಗ್ರಾಂಜ್.

ದೆಗ್ರಾಂಜ್ ಹುಟ್ಟಿದ್ದು 1865ರ ಜನವರಿ 31ರಂದು, ಪ್ಯಾರಿಸ್ಸಿನಲ್ಲಿ. ಕಾನೂನು ಓದಿ ವಕೀಲರ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಮೀನಖಂಡ ಕಾಣುವಂತೆ ಸೈಕಲ್ ತುಳಿಯುತ್ತಾನೆಂದು ಕಕ್ಷಿದಾರರೊಬ್ಬರು ದೂರಿದ್ದರಿಂದ ಆ ಕೆಲಸ ಹೋಯಿತೆಂಬ ಕತೆ ಪ್ರಚಲಿತವಾಗಿದೆ. ಕತೆ ನಿಜವೋ ಅಲ್ಲವೋ, ಆತನ ಸ್ವಭಾವಕ್ಕಂತೂ ಒಪ್ಪುವಂಥದು. 1893ರ ಮೇ 11ರಂದು ಪ್ಯಾರಿಸ್ಸಿನ ಬಫಲೋ ಸೈಕಲ್ ಅಂಗಣದಲ್ಲಿ ಒಂದು ಗಂಟೆಯ ಅವಧಿಯಲ್ಲಿ 35.325 ಕಿ.ಮೀ. ಕ್ರಮಿಸಿ, ಅಧಿಕೃತವಾಗಿ ಮಾನ್ಯವಾದ ಮೊದಲ ಗಂಟೆ ದಾಖಲೆಯನ್ನು ಸ್ಥಾಪಿಸಿದ. ಮರುವರ್ಷ ಸವಾರರ ತರಬೇತಿಯ ಕುರಿತು ಪುಸ್ತಕವೊಂದನ್ನು ಬರೆದ. ಮುಂದೆ ಪ್ಯಾರಿಸ್ಸಿನ ಪಾರ್ಕ್ ದೆ ಪ್ರ್ಯಾಂಸ್ ಸೈಕಲ್ ಅಂಗಣದ ನಿರ್ದೇಶಕನಾದ. ಮನುಷ್ಯನ ಕಾಲು ಮತ್ತು ತಲೆ ಇವೆರಡೇ ಓಟವನ್ನು ಗೆಲ್ಲಬೇಕು, ಯಂತ್ರ ಗೆಲ್ಲಕೂಡದು ಎಂಬ ನಂಬಿಕೆ ಆತನಲ್ಲಿ ಬೇರೂರಿದ್ದು ಈ ಕಾಲದಲ್ಲೇ. ಆ ನಂಬಿಕೆ ಹಠವಾಯಿತು, ಹಠ ನಿಯಮವಾಯಿತು, ನಿಯಮ ಹಲವರ ಬಾಳನ್ನೇ ತಿರುಗಿಸಿತು.

ಪತ್ರಿಕೆ ಹುಟ್ಟಿದ ಬಗೆ

ಆ ದಿನಗಳಲ್ಲಿ ಫ್ರಾನ್ಸಿನ ಪ್ರಮುಖ ಕ್ರೀಡಾ ದಿನಪತ್ರಿಕೆ ಪಿಯೆರ್ ಜಿಫಾರ್ ಸಂಪಾದಕತ್ವದ ‘ಲ ವೆಲೊ’. ಹಸಿರು ಕಾಗದದಲ್ಲಿ ಅಚ್ಚಾಗುತ್ತಿತ್ತು. ದ್ರೇಫೂಸ್ ಎಂಬ ಸೇನಾಧಿಕಾರಿಯ ಮೇಲಿನ ದೇಶದ್ರೋಹದ ಆರೋಪ ಇಡೀ ಫ್ರಾನ್ಸನ್ನು ಇಬ್ಭಾಗ ಮಾಡಿದ್ದ ಕಾಲವದು. ಜಿಫಾರ್ ದ್ರೇಫೂಸ್ ಪರ. ಪತ್ರಿಕೆಗೆ ಜಾಹೀರಾತು ನೀಡುತ್ತಿದ್ದ ವಾಹನ ತಯಾರಕ ದ ದಿಯೋಂ ಪ್ರಭು ವಿರೋಧಿ. ಮನಸ್ತಾಪ ಬೆಳೆದು ದ ದಿಯೋಂ, ಟೈರು ತಯಾರಕ ಮಿಶೆಲಿನ್, ಸೈಕಲ್ ತಯಾರಕ ಕ್ಲೆಮೆಂಟ್ ಮೊದಲಾದವರು ಸೇರಿ 1900ರ ಅಕ್ಟೋಬರ್ 16ರಂದು ಎದುರಾಳಿ ಪತ್ರಿಕೆಯೊಂದನ್ನು ಹೊರತಂದರು. ಹೆಸರು ‘ಲೋತೋ-ವೆಲೊ’, ಸಂಪಾದಕ ದೆಗ್ರಾಂಜ್. ಕಾಗದದ ಬಣ್ಣ ಹಳದಿ. ಹೆಸರಿನ ಸಾಮ್ಯದ ಬಗ್ಗೆ ಜಿಫಾರ್ ನ್ಯಾಯಾಲಯದ ಮೆಟ್ಟಿಲೇರಿ ಗೆದ್ದದ್ದರಿಂದ 1903ರ ಜನವರಿಯಲ್ಲಿ ‘ವೆಲೊ’ ಉದುರಿ ‘ಲೋತೋ’ ಮಾತ್ರ ಉಳಿಯಿತು.

ಇಲ್ಲಿ ಓದುಗರು ಒಂದು ಅಂಶವನ್ನು ನೆನಪಿಡಬೇಕು. ದೆಗ್ರಾಂಜನ ಪತ್ರಿಕೆಯನ್ನು ಹುಟ್ಟುಹಾಕಿದ್ದು ಯಂತ್ರ ತಯಾರಕರ ಹಣ. ಅದನ್ನು ಸಾಕಿದ್ದು ಅವರ ಜಾಹೀರಾತು. ಆತ ಜೀವನಪರ್ಯಂತ ಸೆಣಸಿದ್ದೂ ಅವರೊಡನೆಯೇ.

ಪತ್ರಿಕೆಯ ಪ್ರಸಾರ ಇಪ್ಪತ್ತೈದು ಸಾವಿರದ ಆಸುಪಾಸಿನಲ್ಲಿ ತೆವಳುತ್ತಿದ್ದಾಗ, 1902ರ ನವೆಂಬರಿನಲ್ಲಿ ಕಿರಿಯ ವರದಿಗಾರ ಜೆಯೊ ಲಫೆವ್ರ್ ದೇಶವನ್ನೇ ಸುತ್ತುವ ಹಂತವಾರು ಓಟವೊಂದನ್ನು ಏರ್ಪಡಿಸುವ ಸಲಹೆ ನೀಡಿದ. ದೆಗ್ರಾಂಜ್ ಒಡನೆ ಒಪ್ಪಲಿಲ್ಲ. ಲೆಕ್ಕಪತ್ರ ನೋಡುತ್ತಿದ್ದ ವಿಕ್ತೋರ್ ಗೊದೆ ಹಣ ಬಿಚ್ಚಲು ಒಪ್ಪಿದ ಮೇಲೆ ಧೈರ್ಯ ತಂದುಕೊಂಡ. ಮೊದಲು ಪ್ರಕಟಿಸಿದ ದಿನಾಂಕಕ್ಕೆ ಸವಾರರೇ ಬರಲಿಲ್ಲ. ಪ್ರವೇಶ ಶುಲ್ಕವನ್ನು ಇಪ್ಪತ್ತರಿಂದ ಹತ್ತು ಫ್ರಾಂಕಿಗೆ ಇಳಿಸಿ, ದಿನಭತ್ಯೆಯ ಆಸೆ ತೋರಿಸಿ, ಓಟವನ್ನು ಮುಂದಕ್ಕೆ ಹಾಕಬೇಕಾಯಿತು. ಕಡೆಗೆ 1903ರ ಜುಲೈ 1ರಂದು ಪ್ಯಾರಿಸ್ ಹೊರವಲಯದ ಮೋಂಜರೋನಿನ ಉಪಾಹಾರ ಗೃಹವೊಂದರ ಮುಂದಿನಿಂದ ಅರವತ್ತು ಮಂದಿ ಹೊರಟರು. ಆರು ಹಂತಗಳು, ಒಟ್ಟು 2,428 ಕಿ.ಮೀ. ಮೊದಲ ಹಂತವೇ ಪ್ಯಾರಿಸ್ಸಿನಿಂದ ಲಿಯೋನ್‌ವರೆಗೆ 467 ಕಿ.ಮೀ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ, ನಿಲ್ಲದೆ ಹಿಂತಿರುಗಿ, ಮನೆ ತಲುಪಲು ಇನ್ನು ಸ್ವಲ್ಪವೇ ದೂರ ಉಳಿದಿರುವಾಗ ನಿಂತಂತೆ! ಹಗಲಿರುಳೆನ್ನದೆ, ಕಲ್ಲುಮಣ್ಣಿನ ರಸ್ತೆಯಲ್ಲಿ, ಇಂದಿನ ಸ್ಪರ್ಧಾ ಸೈಕಲ್ಲಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರದ ಉಕ್ಕಿನ ಸೈಕಲ್ಲಿನ ಮೇಲೆ. ಚಿಮಣಿ ಗುಡಿಸುವ ಕೆಲಸದಿಂದ ಬಂದಿದ್ದ ಮೌರಿಸ್ ಗಾರಾಂ ಗೆದ್ದ. ಕೊನೆ ಮುಟ್ಟಿದವರು ಇಪ್ಪತ್ತೊಂದು ಮಂದಿ. ಗೆಲ್ಲುವುದೋ ಸೋಲುವುದೋ ತಿಳಿಯದ ಈ ಸಾಹಸದ ಆರಂಭಕ್ಕೆ ಸಂಪಾದಕನೇ ಹಾಜರಿರಲಿಲ್ಲ. ಎಲ್ಲ ಹೊಣೆ ಲಫೆವ್ರನ ಹೆಗಲಿಗೆ ಬಿತ್ತು. ಪ್ರಸಾರ ಅರವತ್ತೈದು ಸಾವಿರಕ್ಕೆ ಏರಿದ ಮೇಲೆ ಮಾತ್ರ ಓಟದ ಜನಕನೆಂಬ ಕೀರ್ತಿಗೆ ದೆಗ್ರಾಂಜ್ ಹಿಂಜರಿಯಲಿಲ್ಲ. 1904ರಲ್ಲಿ ‘ಲ ವೆಲೊ’ ಮುಚ್ಚಿತು. ಜಿಫಾರ್‌ಗೆ ಮುಂದೆ ಕೆಲಸ ಕೊಟ್ಟವನು ಇದೇ ದೆಗ್ರಾಂಜ್ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಎರಡನೆಯ ವರ್ಷ ಓಟ ಬಹುತೇಕ ಸತ್ತೇ ಹೋಗಿತ್ತು. ರಸ್ತೆಗೆ ಮೊಳೆ ಚೆಲ್ಲಿದರು, ರಾತ್ರಿ ಹೊತ್ತು ಸವಾರರನ್ನು ಬಡಿದರು, ಕೆಲವರು ಅಡ್ಡದಾರಿ ಹಿಡಿದರು. ತಿಂಗಳುಗಳ ವಿಚಾರಣೆಯ ನಂತರ ಗಾರಾಂ ಸೇರಿದಂತೆ ಮೊದಲ ನಾಲ್ವರನ್ನೂ ಅನರ್ಹಗೊಳಿಸಿ, ಹತ್ತೊಂಬತ್ತರ ಹರೆಯದ ಆನ್ರಿ ಕೊರ್ನೆಯನ್ನು ವಿಜೇತನೆಂದು ಸಾರಲಾಯಿತು. ಓಟದ ಕತೆ ಮುಗಿಯಿತೆಂದೇ ದೆಗ್ರಾಂಜ್ ಬರೆದ. ಆದರೆ ನಿಲ್ಲಿಸಲಿಲ್ಲ, ನಿಯಮಗಳನ್ನು ಬಿಗಿಗೊಳಿಸಿದ. ಗಳಿಗೆ ಲೆಕ್ಕ ಬಿಟ್ಟು ಅಂಕಗಳ ಲೆಕ್ಕ ತಂದ. 1910ರಲ್ಲಿ ಪಿರನೀಸಿನ ತುರ್ಮಾಲೆ ಕಣಿವೆ, 1911ರಲ್ಲಿ ಆಲ್ಪ್ಸ್‌ನ ಗಾಲಿಬಿಯೆ ಓಟದ ದಾರಿಯಾದವು.

ತಂಡಗಳು ಮತ್ತು ಕಾರಖಾನೆಗಳು

ಕಾರಖಾನೆಗಳಿಗೆ ಈ ಓಟ ದೊರೆತ ಮಹಾ ಸಂತೆಯಾಗಿತ್ತು. ಗೆದ್ದ ಸೈಕಲ್ಲಿನ ಹೆಸರು ಮರುದಿನವೇ ಅಂಗಡಿಗಳಲ್ಲಿ ಮಾರಾಟದ ಮಂತ್ರ. 1905ರಿಂದ 1908ರವರೆಗೆ ಪ್ಯೂಜೊ ಕಂಪನಿಯ ಸವಾರರು ಗೆದ್ದರು. 1909ರಿಂದ 1912ರವರೆಗೆ ತಿಳಿನೀಲಿ ಅಂಗಿಯ ಆಲ್ಸಿಯೋಂ ತಂಡದವರು. 1909ರಲ್ಲಂತೂ ಮೊದಲ ಐದು ಸ್ಥಾನಗಳೂ ಆಲ್ಸಿಯೋಂ ಪಾಲಾದವು. ಹಣವಿದ್ದ ಕಂಪನಿ ಒಳ್ಳೆಯ ಕಾಲುಗಳನ್ನೆಲ್ಲ ಕೊಂಡುಕೊಳ್ಳುತ್ತಿತ್ತು. ಒಬ್ಬನಿಗಾಗಿ ಉಳಿದವರು ದುಡಿಯುವ, ಗಾಳಿ ತಡೆಯುವ, ನಿಂತು ಕಾಯುವ ಪದ್ಧತಿ ಬೆಳೆಯಿತು. ಇಂದು ಇದನ್ನು ತಂಡದ ಧರ್ಮವೆಂದು ಹೊಗಳುತ್ತೇವೆ. ದೆಗ್ರಾಂಜ್ ಅದನ್ನು ಮೋಸವೆಂದೇ ಭಾವಿಸಿದ. 1912ರಲ್ಲಿ ಬೇರೆ ಬೇರೆ ಕಂಪನಿಗಳ ಬೆಲ್ಜಿಯನ್ನರೆಲ್ಲ ತಮ್ಮವನಾದ ಒದಿಲ್ ದಫ್ರೇಗೆ ನೆರವಾದರೆಂದು ಸಿಟ್ಟಿಗೆದ್ದು ಹಿಂದಿನ ವಿಜೇತ ಒಕ್ತಾವ್ ಲಾಪೀಜ್ ಓಟವನ್ನೇ ಬಿಟ್ಟು ನಡೆದಾಗ ಅಂಕಪದ್ಧತಿಯೂ ಬಿದ್ದುಹೋಯಿತು.

ಸಲಕರಣೆಯ ವಿಷಯದಲ್ಲಿ ಆತನ ಬಿಗಿ ಇನ್ನೂ ಹೆಚ್ಚು. ಸವಾರ ತನ್ನ ಸೈಕಲ್ಲನ್ನು ತಾನೇ ದುರಸ್ತಿ ಮಾಡಿಕೊಳ್ಳಬೇಕು. ಪರರ ಕೈ ತಾಗಕೂಡದು. ಬಿಡಿ ಟೈರುಗಳನ್ನು ಹೆಗಲಿಗೆ ಅಡ್ಡಲಾಗಿ ಸುತ್ತಿಕೊಂಡೇ ಓಡಬೇಕು. ಗೇರು ಬದಲಿಸುವ ಯಂತ್ರ ನಿಷಿದ್ಧ. ಪ್ರವಾಸಿ ಸವಾರರ ಗುರುವೆನಿಸಿದ್ದ, ‘ವೆಲೋಸಿಯೊ’ ಎಂಬ ಕಾವ್ಯನಾಮದ ಪೋಲ್ ದ ವಿವಿ ಹಲವು ಗೇರುಗಳ ಉಪಯೋಗವನ್ನು ಸಾರುತ್ತಿದ್ದಾಗ, ಅವು ನಲವತ್ತೈದು ದಾಟಿದವರಿಗೆ ಮಾತ್ರ ಯೋಗ್ಯವೆಂದು ದೆಗ್ರಾಂಜ್ ಗೇಲಿ ಮಾಡಿದ. ಹೀಗಾಗಿ ಸವಾರರು ಹಿಂಗಾಲಿಯ ಎರಡು ಬದಿಗೂ ಬೇರೆ ಬೇರೆ ಅಳತೆಯ ಹಲ್ಲುಚಕ್ರ ಹಾಕಿಸಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ಗಾಲಿ ಕಳಚಿ ತಿರುಗಿಸಿ ಜೋಡಿಸಿ ಹತ್ತುತ್ತಿದ್ದರು. ನೆತ್ತಿಯಲ್ಲಿ ಮತ್ತೆ ಅದೇ ಕೆಲಸ. ಚಳಿಗೆ ಮರಗಟ್ಟಿದ ಬೆರಳುಗಳಿಗೆ ಗಾಲಿಯ ತಿರುಪು ತಿರುಗದೆ ಓಟವೊಂದನ್ನು ಕಳೆದುಕೊಂಡ ಇಟಲಿಯ ತುಲ್ಲಿಯೋ ಕಂಪಾನ್ಯೋಲೊ, ಒಂದೇ ಸನ್ನೆಯಲ್ಲಿ ಗಾಲಿ ಬಿಚ್ಚುವ ಕೀಲನ್ನು ಕಂಡುಹಿಡಿದನೆಂದು ಹೇಳುವುದುಂಟು. ಇಂದು ನಮ್ಮ ಪೇಟೆಯ ಅಂಗಡಿಗಳಲ್ಲಿ ಸಿಗುವ ಗೇರಿನ ಸೈಕಲ್ಲುಗಳಲ್ಲೂ ಆ ಕೀಲನ್ನು ಕಾಣಬಹುದು.

ಕುಲುಮೆಯ ಮುಂದೆ ಕ್ರಿಸ್ತೋಫ್

ನಿಯಮವೊಂದು ಮನುಷ್ಯನ ಮೇಲೆ ಎಷ್ಟು ಭಾರ ಹೇರಬಲ್ಲುದೆಂಬುದಕ್ಕೆ 1913ರ ಘಟನೆಗಿಂತ ಬೇರೆ ನಿದರ್ಶನ ಬೇಡ. ಪ್ಯೂಜೊ ತಂಡದ ಯುಜೇನ್ ಕ್ರಿಸ್ತೋಫ್ ಆ ವರ್ಷ ಗೆಲ್ಲಬಹುದಾದವರಲ್ಲಿ ಒಬ್ಬ. ಬೇಯೋನಿನಿಂದ ಲೂಷೋನಿಗೆ ಹೋಗುವ ಹಂತದಲ್ಲಿ ತುರ್ಮಾಲೆಯ ಇಳಿಜಾರಿನಲ್ಲಿ ಆತನ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಹಿಂದೆ ಬಿದ್ದವರೆಲ್ಲ ಒಬ್ಬೊಬ್ಬರಾಗಿ ದಾಟಿ ಹೋದರು. ಸೈಕಲ್ಲನ್ನು ಹೆಗಲಿಗೇರಿಸಿ, ಮುಂಗಾಲಿಯನ್ನು ಕೈಯಲ್ಲಿ ಹಿಡಿದು, ಸುಮಾರು ಹದಿನಾಲ್ಕು ಕಿ.ಮೀ. ನಡೆದು ಸೈಂತ್-ಮಾರಿ-ದ-ಕಾಂಪಾನ್ ಎಂಬ ಹಳ್ಳಿಯನ್ನು ಸೇರಿದ. ಅಲ್ಲೊಂದು ಕಮ್ಮಾರಸಾಲೆ ಇತ್ತು.

ಕ್ರಿಸ್ತೋಫ್ ಮೊದಲು ಬೀಗ ಮಾಡುವ ಕಸುಬಿನವನು. ಕಬ್ಬಿಣ ಕಾಯಿಸಿ ಬಡಿಯಲು ಬಲ್ಲ. ಕಮ್ಮಾರ ಬಾಯಲ್ಲಿ ಹೇಳಬಹುದೇ ಹೊರತು ಮುಟ್ಟುವಂತಿಲ್ಲ. ಓಟದ ತಪಾಸಕರು ಎದುರಿಗೇ ನಿಂತು ಕಾವಲು ಕಾಯುತ್ತಿದ್ದರು. ನಮ್ಮ ಹಳ್ಳಿಗಳ ಕುಲುಮೆಯ ಮುಂದೆ ಕುಳಿತು ನೇಗಿಲ ಕುಳ ಹಣಿಸಿಕೊಂಡವರಿಗೆ ಈ ಕೆಲಸದ ಕಷ್ಟ ಗೊತ್ತು: ಒಂದು ಕೈಯಲ್ಲಿ ಇಕ್ಕುಳ, ಇನ್ನೊಂದರಲ್ಲಿ ಸುತ್ತಿಗೆ, ಹಾಗಾದರೆ ತಿದಿ ಒತ್ತುವವರಾರು? ಅಲ್ಲಿದ್ದ ಹುಡುಗನೊಬ್ಬ ತಿದಿ ಒತ್ತಿದ. ಮೂರು ಗಂಟೆಗೂ ಹೆಚ್ಚು ಹೊತ್ತು ದುಡಿದು, ಮುರಿದ ಫೋರ್ಕನ್ನು ಬೆಸೆದು, ಕ್ರಿಸ್ತೋಫ್ ಮತ್ತೆ ಸೈಕಲ್ ಏರಿದ. ಮುಂದೆ ಇನ್ನೂ ಎರಡು ಕಣಿವೆಗಳಿದ್ದವು. ಹುಡುಗ ತಿದಿ ಒತ್ತಿದ್ದು ಪರರ ನೆರವೆಂದು ಗಣಿಸಿ ಹತ್ತು ನಿಮಿಷ ದಂಡ ವಿಧಿಸಿದರು. ಆಮೇಲೆ ಅದನ್ನು ಮೂರಕ್ಕೆ ಇಳಿಸಿದರು. ಸುಮಾರು ನಾಲ್ಕು ಗಂಟೆ ಕಳೆದುಕೊಂಡವನಿಗೆ ಹತ್ತಾದರೇನು, ಮೂರಾದರೇನು? ಒಟ್ಟಾರೆ ಏಳನೆಯವನಾಗಿ ಓಟ ಮುಗಿಸಿದ. ಗೆದ್ದವನು ಅದೇ ಪ್ಯೂಜೊ ತಂಡದ ಬೆಲ್ಜಿಯನ್ ಫಿಲಿಪ್ ತಿಸ್. ಕಂಪನಿಗೆ ನಷ್ಟವೇನೂ ಆಗಲಿಲ್ಲ ಎಂಬುದೇ ಇಲ್ಲಿಯ ಕಟುಸತ್ಯ.

ಮೊದಲ ಮಹಾಯುದ್ಧ ಬಂದಾಗ ದೆಗ್ರಾಂಜ್ ಐವತ್ತರ ಹೊಸ್ತಿಲಲ್ಲಿದ್ದ. ಆದರೂ 1917ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರಿದ, ಶೌರ್ಯಪದಕ ಪಡೆದ, ಕಂದಕಗಳಿಂದ ಪತ್ರಿಕೆಗೆ ಬರೆಯುತ್ತಲೂ ಇದ್ದ. ಇತರರಿಂದ ಕಷ್ಟ ಬಯಸಿದವನು ತಾನು ಕಷ್ಟದಿಂದ ತಪ್ಪಿಸಿಕೊಳ್ಳಲಿಲ್ಲ. ಆತನ ಕಠಿಣತೆಯನ್ನು ತೂಗುವವರು ಈ ಮಾತನ್ನೂ ತಕ್ಕಡಿಗೆ ಹಾಕಬೇಕು.

ಯುದ್ಧದಲ್ಲಿ ಲಾಪೀಜ್, ಫಾಬೆರ್, ಪೆತಿ-ಬ್ರೆತೋಂ, ಈ ಮೂವರು ಮಾಜಿ ವಿಜೇತರು ಮಡಿದಿದ್ದರು. 1919ರ ಓಟದಲ್ಲಿ ರಸ್ತೆಗಳು ಹಾಳು, ಟೈರುಗಳ ಬರ, ಬಣ್ಣಗಳ ಅಭಾವ. ಬಡವಾದ ಕಾರಖಾನೆಗಳು ‘ಲಾ ಸ್ಪೋರ್ಟಿವ್’ ಎಂಬ ಒಂದೇ ಹೆಸರಿನಡಿ ಒಗ್ಗೂಡಿ ಸವಾರರಿಗೆಲ್ಲ ಬೂದು ಅಂಗಿ ತೊಡಿಸಿದವು. ಮುಂದಿರುವವನಾರೆಂದು ಜನರಿಗೆ ಗುರುತೇ ಸಿಗದಾಯಿತು. ಆಗ ಜುಲೈ 19ರಂದು ಗ್ರೆನೋಬಲ್ ನಗರದಲ್ಲಿ ಅಗ್ರಸ್ಥಾನದ ಸವಾರನಿಗೆ ಹಳದಿ ಅಂಗಿ ತೊಡಿಸುವ ಕ್ರಮ ಆರಂಭವಾಯಿತು. ಪತ್ರಿಕೆಯ ಕಾಗದದ ಬಣ್ಣವೇ ಅಂಗಿಯ ಬಣ್ಣ. ಅದನ್ನು ಮೊದಲು ತೊಟ್ಟವನು ಕ್ರಿಸ್ತೋಫ್. ನೋಡಿದ ಜನ ತನ್ನನ್ನು ಹಳದಿ ಹಕ್ಕಿಯೆಂದು ಹಾಸ್ಯ ಮಾಡಿದರೆಂದು ಆತ ದೂರಿಕೊಂಡನಂತೆ. ಇನ್ನು ಎರಡೇ ಹಂತ ಉಳಿದಿರುವಾಗ, 468 ಕಿ.ಮೀ.ಗಳ ಮೆಟ್ಜ್–ಡಂಕರ್ಕ್ ಹಾದಿಯಲ್ಲಿ, ವಾಲಾನ್ಸಿಯೆನ್ನ್ ಬಳಿ ಮತ್ತೆ ಫೋರ್ಕು ಮುರಿಯಿತು! ಮತ್ತೆ ಸ್ವಹಸ್ತದ ದುರಸ್ತಿ. ಒಂದು ಗಂಟೆಗೂ ಮಿಕ್ಕ ನಷ್ಟ. ಗೆಲುವು ಫರ್ಮಿನ್ ಲಾಂಬೊ ಪಾಲು. ಈ ಸಲ ಓದುಗರ ಕರುಳು ಕರಗಿತು. ‘ಲೋತೋ’ ಮೂಲಕ ಸಂಗ್ರಹವಾದ ದೇಣಿಗೆ 13 ಸಾವಿರ ಫ್ರಾಂಕ್ ದಾಟಿ, ವಿಜೇತನ ಬಹುಮಾನವನ್ನೂ ಮೀರಿಸಿತು. ದೇಣಿಗೆಯ ಪಟ್ಟಿ ಅಚ್ಚು ಮಾಡಿದ ಸಂಪಾದಕ ನಿಯಮವನ್ನು ಮಾತ್ರ ತಿದ್ದಲಿಲ್ಲ. 1922ರಲ್ಲಿ ಹೆಕ್ಟರ್ ಹೂಸ್ಗೆಮ್ ಎಂಬ ಬೆಲ್ಜಿಯನ್ ಸೈಕಲ್ ಬದಲಿಸಿದ ಕಾರಣಕ್ಕೆ ಒಂದು ಗಂಟೆ ದಂಡ ತೆತ್ತು ಹಳದಿ ಅಂಗಿಯನ್ನು ಕಳೆದುಕೊಂಡ. ಆಗಲೂ ಲಾಭ ಪಡೆದವನು ಲಾಂಬೊನೇ.

ನಿಯಮಗಳ ಕಾಟ ಅಂಗಿಯವರೆಗೂ ಬಂದಿತ್ತು. ಬೆಳಗಿನ ಚಳಿಗೆ ಎರಡು ಅಂಗಿ ತೊಟ್ಟವನು ಬಿಸಿಲೇರಿದ ಮೇಲೆ ಒಂದನ್ನು ಬಿಸುಡುವಂತಿರಲಿಲ್ಲ. 1924ರಲ್ಲಿ ಈ ವಿಷಯಕ್ಕೆ ಜಗಳವಾಗಿ ಹಿಂದಿನ ವರ್ಷದ ವಿಜೇತ ಆನ್ರಿ ಪೆಲಿಸಿಯೆ ತಮ್ಮನೊಡನೆ ಕೂತಾಂಸಿನಲ್ಲಿ ಓಟ ಬಿಟ್ಟ. ಅಲ್ಲಿದ್ದ ಪತ್ರಕರ್ತ ಆಲ್ಬೇರ್ ಲೋಂದ್ರ್ ಸವಾರರ ಬವಣೆಯನ್ನೂ, ನೋವು ಮರೆಯಲು ಅವರು ಸೇವಿಸುತ್ತಿದ್ದ ಮದ್ದುಗಳನ್ನೂ ಬೇರೊಂದು ಪತ್ರಿಕೆಯಲ್ಲಿ ಬಯಲಿಗಿಟ್ಟ. ಬೇರೆ ಸಂಪಾದಕರಾದರೆ ತಲೆ ತಗ್ಗಿಸುತ್ತಿದ್ದರೇನೋ. ಪ್ರಸಾರ ಅರ್ಧ ಲಕ್ಷ ಅಲ್ಲ, ಐದು ಲಕ್ಷದ ಮಟ್ಟಕ್ಕೆ ಏರಿದ್ದ ದೆಗ್ರಾಂಜ್ ಅಲುಗಲಿಲ್ಲ.

ಹಳದಿ ಸೈಕಲ್ಲುಗಳ ವರ್ಷ

ಆತನನ್ನು ಅಲುಗಿಸಿದ್ದು 1929. ಆ ವರ್ಷ ಹಳದಿ ಅಂಗಿ ತೊಟ್ಟಿದ್ದ ವಿಕ್ತೋರ್ ಫೋಂತಾಂನ ಸೈಕಲ್ ಪಿರನೀಸಿನಲ್ಲಿ ನುಚ್ಚುನೂರಾಯಿತು. ಮುಂಜಾವದ ಕತ್ತಲಲ್ಲಿ ಮನೆಮನೆಯ ಕದ ಬಡಿದು ಸೈಕಲ್ ಬೇಡಿ ಪಡೆದ. ಆದರೆ ಹೊರಟ ಸೈಕಲ್ಲಿನೊಡನೆಯೇ ಗುರಿ ಮುಟ್ಟಬೇಕಲ್ಲ! ಮುರಿದ ಸೈಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಿದ. ತಾಳಲಾರದೆ ಸೈಂ-ಗೋದಾಂಸಿನಲ್ಲಿ ಅಳುತ್ತ ಕುಳಿತ. ಆ ಅಳುವನ್ನು ಆಗತಾನೇ ಬಂದಿದ್ದ ಬಾನುಲಿ ಫ್ರಾನ್ಸಿಗೆಲ್ಲ ಕೇಳಿಸಿತು. ಮುಂದೆ ಆಲ್ಪ್ಸ್‌ನಲ್ಲಿ ಆಲ್ಸಿಯೋಂನ ಮೌರಿಸ್ ದೆವಾಲೆ ಕಾಯಿಲೆ ಬಿದ್ದು ನಿಲ್ಲಲೂ ಆಗದ ಸ್ಥಿತಿಯಲ್ಲಿದ್ದಾಗ, ತಂಡದವರು ಆತನನ್ನು ನಡುವೆ ಇಟ್ಟುಕೊಂಡು, ಬೇರೆಯವರಿಗೆ ಮುನ್ನುಗ್ಗಲು ಬಿಡದೆ ಗೆಲ್ಲಿಸಿಬಿಟ್ಟರು. ಹೆಣವನ್ನು ಗೆಲ್ಲಿಸಿದರೆಂದು ಸಂಪಾದಕ ಕೆರಳಿದ.

1930ರಲ್ಲಿ ಆತ ಮಾಡಿದ್ದು ಕ್ರೀಡಾಲೋಕದಲ್ಲೇ ಅಪರೂಪದ ಕ್ರಾಂತಿ. ಕಂಪನಿಗಳ ತಂಡಗಳನ್ನೆಲ್ಲ ಹೊರಗಟ್ಟಿ ಬೆಲ್ಜಿಯಂ, ಇಟಲಿ, ಸ್ಪೇನ್, ಜರ್ಮನಿ, ಫ್ರಾನ್ಸ್ ಎಂಬ ಐದು ರಾಷ್ಟ್ರಗಳ ತಂಡಗಳನ್ನು, ತಂಡಕ್ಕೆ ಎಂಟು ಮಂದಿಯಂತೆ ಕಟ್ಟಿದ. ಅವರಿಗೆಲ್ಲ ಹಳದಿ ಬಣ್ಣದ, ಹೆಸರಿಲ್ಲದ, ಒಂದೇ ಮಾದರಿಯ ಸೈಕಲ್ಲುಗಳನ್ನು ತಾನೇ ಒದಗಿಸಿದ. ಊಟ, ವಸತಿಯ ಖರ್ಚೂ ಪತ್ರಿಕೆಯದು. ಸಿಟ್ಟಿಗೆದ್ದ ತಯಾರಕರು ಜಾಹೀರಾತು ಹಿಂತೆಗೆದರು. ಹಣಕ್ಕಾಗಿ ಹೂಡಿದ ಉಪಾಯವೇ ಓಟದ ಮುಂದೆ ಸಾಗುವ ಜಾಹೀರಾತು ವಾಹನಗಳ ಮೆರವಣಿಗೆ. ಚಾಕೊಲೇಟಿನಿಂದ ಹಿಡಿದು ಎಲ್ಲವನ್ನೂ ಮಾರುವ ಆ ಜಾತ್ರೆ ಇಂದಿಗೂ ನಡೆದಿದೆ. ಸೈಕಲ್ ವ್ಯಾಪಾರಿಯ ಹಂಗು ಕಳೆಯಿತು, ಚಾಕೊಲೇಟ್ ವ್ಯಾಪಾರಿಯ ಹಂಗು ಬಂತು.

ಆದರೆ ರಾಷ್ಟ್ರದ ಅಂಗಿ ತೊಟ್ಟರೆ ತಂಡದೊಳಗಿನ ತ್ಯಾಗ ನಿಂತೀತೆ? ಮೊದಲ ವರ್ಷವೇ ಗಾಲಿಬಿಯೆಯ ಇಳಿಜಾರಿನಲ್ಲಿ ಆಂದ್ರೆ ಲದುಕ್ ಬಿದ್ದು, ಮುಂದೆ ಅವನ ಪೆಡಲು ಮುರಿದಾಗ, ಸಂಗಾತಿ ಮಾರ್ಸೆಲ್ ಬಿದೊ ಪ್ರೇಕ್ಷಕನೊಬ್ಬನ ಸೈಕಲ್ಲಿನಿಂದ ಪೆಡಲು ಬಿಚ್ಚಿ ತಂದ. ಇಡೀ ಫ್ರೆಂಚ್ ತಂಡ ಅವನನ್ನು ನಡುವಿಟ್ಟು ಮುಂದಿನವರನ್ನು ಹಿಡಿಯಿತು. ಲದುಕ್ ಆ ಹಂತವನ್ನೂ, ಓಟವನ್ನೂ ಗೆದ್ದ. 1934ರಲ್ಲಿ ಇಪ್ಪತ್ತರ ತರುಣ ರನೆ ವಿಯೆತ್ತೊ ತನ್ನ ಮುಂಗಾಲಿಯನ್ನು ನಾಯಕ ಆಂತೊನಾಂ ಮಾನ್ಯ್‌ಗೆ ಕಳಚಿಕೊಟ್ಟು ರಸ್ತೆಬದಿಯ ಗೋಡೆಯ ಮೇಲೆ ಅಳುತ್ತ ಕುಳಿತ ಚಿತ್ರ ಇಂದಿಗೂ ಪ್ರಸಿದ್ಧ. ಮರುದಿನ ಮಾನ್ಯ್‌ಗೆ ಮತ್ತೆ ತೊಂದರೆಯಾದಾಗ, ಮುಂದೆ ಹೋಗಿದ್ದ ವಿಯೆತ್ತೊ ಹಿಂದಿರುಗಿ ಬಂದು ಸೈಕಲ್ಲನ್ನೇ ಕೊಟ್ಟ. ಹಿಂದೆ ದಂಡಕ್ಕೆ ಗುರಿಯಾಗುತ್ತಿದ್ದ ಕೃತ್ಯವನ್ನು ಅದೇ ಹಳದಿ ಪತ್ರಿಕೆ ಈಗ ವೀರಗಾಥೆಯಾಗಿ ಹಾಡಿತು. 1933ರಲ್ಲಿ ಓಟದ ದಿನಗಳ ಪ್ರಸಾರ 8,54,000ಕ್ಕೆ ಮುಟ್ಟಿತ್ತು.

1936ರ ಓಟದ ಹೊತ್ತಿಗೆ ಶಸ್ತ್ರಚಿಕಿತ್ಸೆಯಾಗಿದ್ದ ದೆಗ್ರಾಂಜ್, ಕಾರಿನ ಕುಲುಕಾಟ ತಾಳಲಾರದೆ ಎರಡನೆಯ ದಿನವೇ ಹಿಂದೆ ಸರಿದ. ಹೊಣೆ ವಿಕ್ತೋರ್ ಗೊದೆಯ ಮಗ ಜಾಕ್ ಗೊದೆಗೆ ಬಂತು. ಮರುವರ್ಷವೇ, 1937ರಲ್ಲಿ, ಗೇರು ಬದಲಿಸುವ ಡಿರೇಲರ್ ಯಂತ್ರಕ್ಕೆ ಅನುಮತಿ ದೊರೆಯಿತು. ಅದನ್ನು ಬಳಸಿ ಗೆದ್ದ ಮೊದಲಿಗ ರೊಜೆ ಲಪೆಬಿ. ಗಾಲಿ ಕಳಚಿ ತಿರುಗಿಸುವ ಕಾಲ ಮುಗಿಯಿತು.

ದೆಗ್ರಾಂಜ್ ತೀರಿಕೊಂಡದ್ದು 1940ರ ಆಗಸ್ಟ್ 16ರಂದು, ಮೆಡಿಟರೇನಿಯನ್ ತೀರದ ತನ್ನ ಮನೆಯಲ್ಲಿ. ಅಷ್ಟರಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾಗಿತ್ತು. ಆಕ್ರಮಣದ ವರ್ಷಗಳಲ್ಲೂ ಪ್ರಕಟವಾದ ‘ಲೋತೋ’ವನ್ನು 1944ರಲ್ಲಿ ಮುಚ್ಚಿಸಲಾಯಿತು; 1946ರಲ್ಲಿ ಜಾಕ್ ಗೊದೆ ‘ಲೆಕಿಪ್’ ಎಂಬ ಹೊಸ ಪತ್ರಿಕೆ ತಂದ. 1949ರಲ್ಲಿ ಗಾಲಿಬಿಯೆಯ ಮೇಲೆ ದೆಗ್ರಾಂಜನ ಸ್ಮಾರಕ ಎದ್ದಿತು. ಸೈಂತ್-ಮಾರಿ-ದ-ಕಾಂಪಾನಿನಲ್ಲಿ ಕ್ರಿಸ್ತೋಫನ ಹೆಸರಿನ ಫಲಕವೂ, ಫೋರ್ಕನ್ನು ಎತ್ತಿ ಹಿಡಿದ ಪ್ರತಿಮೆಯೂ ಇವೆ. ಹಳದಿ ಅಂಗಿಯ ಮೇಲೆ ದೆಗ್ರಾಂಜನ ಹೆಸರಿನ ಎರಡು ಮೊದಲಕ್ಷರಗಳನ್ನು ಈಗಲೂ ಕಾಣಬಹುದು.

ಆತ ಹೊರಗಟ್ಟಿದ್ದ ಕಂಪನಿ ತಂಡಗಳು 1962ರಲ್ಲಿ ಮರಳಿ ಬಂದವು. 1967 ಮತ್ತು 1968ರಲ್ಲಿ ಮತ್ತೆ ರಾಷ್ಟ್ರತಂಡಗಳ ಪ್ರಯೋಗ ನಡೆದು, 1969ರಿಂದ ಕಂಪನಿಗಳದೇ ಕಾರುಬಾರು. ಇಂದು ತಂಡಕ್ಕೆ ಎಂಟು ಮಂದಿ ಸವಾರರು. ಅವರ ಬೆನ್ನಿಗೆ ಬಿಡಿ ಸೈಕಲ್ಲುಗಳನ್ನು ತಲೆಯ ಮೇಲೆ ಹೊತ್ತ ಕಾರುಗಳು, ಕ್ಷಣಾರ್ಧದಲ್ಲಿ ಗಾಲಿ ಬದಲಿಸುವ ಮೆಕ್ಯಾನಿಕ್‌ಗಳು. ಸೈಕಲ್ಲು ತೀರ ಹಗುರವಾಗಿ ಅಪಾಯಕ್ಕೆ ಈಡಾಗದಿರಲೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2000ದಿಂದ ಕನಿಷ್ಠ ತೂಕವನ್ನು 6.8 ಕಿ.ಗ್ರಾಂ. ಎಂದು ಗೊತ್ತುಮಾಡಿದೆ.